ನಾಲ್ಕು ಗಂಟೆಯ ಸುದ್ದಿ

ಅಫಜಲಪುರ
೧೧ ಜನವರಿ ೨೦೨೬, ಭಾನುವಾರ

ಪ್ರೀತಿಯ ಮಂಜೂ,

ನೀನೂ ಮಗಳು ಅಮೃತಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ದೀಪಾವಳಿ ಮುಗಿದ ಮೂರನೆಯ ದಿನ ನಿನ್ನ ಪತ್ರ ಕೈ ಸೇರಿತು. ಈಗ ಸಂಕ್ರಾಂತಿ ಬಂತು. ಬೈದುಕೊಂಡಿರುತ್ತೀ, ಬೈದುಕೋ. ತಡಕ್ಕೆ ಕಾರಣ ಕೇಳಿದರೆ ನನ್ನ ಹತ್ತಿರ ಬೇಕಾದಷ್ಟಿವೆ. ತೊಗರಿ ರಾಶಿ ಶುರುವಾಗಿ ಊರೆಲ್ಲ ಧೂಳು, ನನಗೆ ಕೆಮ್ಮು. ಗೋವಿಂದನಿಗೆ ಮೊಣಕಾಲು ನೋವು. ಅತ್ತೆಯವರಿಗೆ ಕಣ್ಣಿನ ಪೊರೆ ತೆಗೆಸಿದೆವು. ಎಲ್ಲವೂ ನಿಜ, ಯಾವುದೂ ಕಾರಣವಲ್ಲ. ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಇದು ಎಂಟನೆಯ ಸಲ. ಈ ಸಲ ಹರಿಯಬಾರದೆಂದು ಪೆನ್ಸಿಲ್ ಬಿಟ್ಟು ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಚಿಕ್ಕ ಉಪಕಾರ. "ಸೆಪ್ಟೆಂಬರ್ ಇಪ್ಪತ್ತೈದರ ಸಂಜೆ ಕುರಿಗಾಹಿ ಬೀರಣ್ಣ ಬದುಕಿದ್ದಾನೆಂಬುದು ಈ ತಾಲ್ಲೂಕಿನ ಯಾವ ವರದಿಗಾರರಿಗೂ ಗೊತ್ತಿರಲಿಲ್ಲ, ಹೊಳೆಯಲ್ಲಿ ಹೋದನೆಂದೇ ಎಲ್ಲರೂ ನಂಬಿದ್ದರು" ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಬೇಕು. ಇಪ್ಪತ್ತನೆಯ ತಾರೀಖಿಗೆ ನಿನ್ನ ಚಾನಲ್ಲಿನವರ ವಿಚಾರಣೆ. ಬದುಕಿದ್ದವನನ್ನು ಸತ್ತನೆಂದು ಹೇಳಿದ್ದಕ್ಕೆ, ಅವನ ಹೆಂಡತಿಯ ಬಳೆ ಒಡೆಯುವುದನ್ನು ನೇರ ಪ್ರಸಾರದಲ್ಲಿ ತೋರಿಸಿದ್ದಕ್ಕೆ ಅಮಾನತಿನಲ್ಲಿರುವ ನಿನಗೆ ಕೆಲಸ ಉಳಿಯುವುದೂ ಹೋಗುವುದೂ ಈ ಹಾಳೆಯ ಮೇಲಿದೆ. "ಸುಲೂ, ನೀನು ಬರೆದರೆ ನಂಬುತ್ತಾರೆ, ನಿನ್ನ ಹೆಸರಿಗೆ ಒಂದು ಕಲೆ ಇಲ್ಲ" ಎಂದು ಬರೆದಿದ್ದೀ. ಆ ವಾಕ್ಯ ಓದಿ ನಾನು ಪತ್ರವನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟೆ.

ಆ ಹಾಳೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷದಿಂದ ಹೇಳದೆ ಇಟ್ಟುಕೊಂಡದ್ದೊಂದನ್ನು ಹೇಳಬೇಕು. ನನಗೆ ನಿನ್ನನ್ನು ಕಂಡರೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಉಂಡ ಅನ್ನ ಜೀರ್ಣವಾಗದಂಥದ್ದು.

ನೆನಪಿದೆಯಾ, ಆಳಂದದಲ್ಲಿ ಖಾದರಸಾಬರ ಛಾಪಖಾನೆ? ನಮ್ಮಪ್ಪನಿಗೆ ಅಂದೋಲಾದಿಂದ ಆಳಂದದ ಅಂಚೆ ಕಚೇರಿಗೆ ವರ್ಗವಾಗಿತ್ತು, ನೀನು ಸರಸಂಬಾದಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಅವರ ವಾರಪತ್ರಿಕೆಗೆ ನಾವಿಬ್ಬರೇ ವರದಿಗಾರರು, ನಾವೇ ಪ್ರೂಫ್ ನೋಡುವವರು, ಬುಧವಾರ ಅಂಟು ಹಚ್ಚಿ ವಿಳಾಸ ಅಂಟಿಸುವವರೂ ನಾವೇ. ನನ್ನ ಬರಹ ಚೆಂದ ಎಂದು ಖಾದರಸಾಬರು ನಿನ್ನೆದುರಿಗೇ ಹೇಳುತ್ತಿದ್ದರು. ಆಮೇಲೆ ಟಿವಿಯವರು ಕಲಬುರಗಿಗೆ ಸಂದರ್ಶನಕ್ಕೆ ಕರೆದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ನಿನ್ನ ಸೀರೆ ಮಾಸಿದೆ ಎಂದು ನಾನೇ ನನ್ನ ನವಿಲುಬಣ್ಣದ ಸೀರೆ ಕೊಟ್ಟೆ. ಅದನ್ನು ಉಟ್ಟುಕೊಂಡು ನೀನು ಆಯ್ಕೆಯಾದೆ. ಸೀರೆಯನ್ನು ಇಸ್ತ್ರಿ ಮಾಡಿಸಿಯೇ ವಾಪಸು ಕೊಟ್ಟೆ, ಅದರಲ್ಲಿ ನಿನ್ನದೇನೂ ತಪ್ಪಿಲ್ಲ. ನಾನು ಅದನ್ನು ಮತ್ತೆ ಉಡಲಿಲ್ಲ.

ಅಲ್ಲಿಂದ ನಿನ್ನ ಮುಖ ಎಲ್ಲರ ಮನೆಯಲ್ಲೂ, ನನ್ನ ಹೆಸರು ಐದನೆಯ ಪುಟದ ಮೂಲೆಯಲ್ಲಿ. ಮದುವೆಗೆ ಹೋಗಲಿ, ಮುಂಜಿವೆಗೆ ಹೋಗಲಿ, "ನೀವು ಟಿವಿ ಮಂಜರಿಯವರ ಗೆಳತಿ ಅಂತಲ್ರಿ?" ನಮ್ಮ ಗೋವಿಂದ ದಿನಾ ಸಂಜೆ ಶೇಂಗಾ ಸುಲಿಯುತ್ತ ಟಿವಿ ಮುಂದೆ ಕೂರುತ್ತಾನೆ. "ಬಂದ್ಲು ನೋಡು ನಿನ್ನ ಗೆಳತಿ" ಎಂದು ಅಡುಗೆಮನೆಯಿಂದ ನನ್ನನ್ನು ಕರೆಯುತ್ತಾನೆ. ನನ್ನ ಪತ್ರಿಕೆಯನ್ನು ಅತ್ತೆಯವರು ಶೆಲ್ಫಿಗೆ ಹಾಸುತ್ತಾರೆ. ಒಮ್ಮೆ ನಾನು ಹದಿನೈದು ದಿನ ಅಲೆದು ಬರೆದ ವರದಿಯ ಮೇಲೆ ನನ್ನದೇ ಮನೆಯಲ್ಲಿ ಮಿರ್ಚಿ ಭಜಿಯ ಎಣ್ಣೆ ಇಳಿಯುವುದನ್ನು ನೋಡಿದೆ. ನಾನೂ ಎರಡು ತಿಂದೆ, ಏನು ಮಾಡಲಿ.

ಸೆಪ್ಟೆಂಬರಿನಲ್ಲಿ ಭೀಮಾ ಹೊಳೆ ತುಂಬಿ ಬಂದಾಗ ನಿನಗಿಂತ ಒಂದು ದಿನ ಮೊದಲು ನಾನು ಬೀರಣ್ಣನ ಊರಿನ ದಂಡೆಯಲ್ಲಿದ್ದೆ. ಇದನ್ನೂ ನೀನು ಮರೆತಿರುತ್ತೀ. ನಡುಗಡ್ಡೆಯಲ್ಲಿ ಮೇಯಲು ಬಿಟ್ಟಿದ್ದ ಅರವತ್ತು ಕುರಿ ಹೊಡೆದುಕೊಂಡು ಬರಲು ಹೋದವನು ನೀರು ಏರಿ ಅಲ್ಲೇ ಸಿಕ್ಕಿಬಿದ್ದ. ಮಂಗಳವಾರ ನಾನು ಕಳಿಸಿದ್ದು ಆರು ಸಾಲು, ಅಚ್ಚಾದದ್ದು ನಾಲ್ಕು. ಬುಧವಾರ ಬೆಳಿಗ್ಗೆ ನಿನ್ನ ವ್ಯಾನು ಬಂತು. ಮಧ್ಯಾಹ್ನದೊಳಗೆ ಜೇವರಗಿ ಕಡೆಯಿಂದ, ಆಳಂದದ ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಜನ. ದಂಡೆಯ ಮೇಲೆ ಭಜಿ ಬಂಡಿ ಮೂರು, ಐಸ್ ಕ್ಯಾಂಡಿ ಒಂದು. ಕುರಿಗಳ ನಡುವೆ ಚುಕ್ಕಿಯಷ್ಟು ಕಾಣುತ್ತಿದ್ದ ಬೀರಣ್ಣನನ್ನು ಹಿಂದೆ ಹಾಕಿಕೊಂಡು ಹುಡುಗರು ಫೋಟೋ ತೆಗೆಸಿಕೊಂಡರು. ನಾನು ಮೊದಲು ಕಂಡ ಸುದ್ದಿ ಅದು. ಬುಧವಾರ ಮಧ್ಯಾಹ್ನ ಯಾರನ್ನು ಕೇಳಿದರೂ ಅದು ನಿನ್ನ ಸುದ್ದಿಯಾಗಿತ್ತು.

ಮೀನುಗಾರ ತೌಸೀಫ ಬುಧವಾರ ಬೆಳಿಗ್ಗೆಯೇ ಹರಿಗೋಲು ನೀರಿಗಿಳಿಸಿದ್ದ. ನೀನು ಅವನನ್ನು ಕೆಳಗಿಳಿಸಿ ಮಾತಾಡಿಸಿದೆ. ಹಿಂದೆ ಟ್ರ್ಯಾಕ್ಟರಿನ ಸದ್ದು ಬಂತೆಂದು ಮತ್ತೊಮ್ಮೆ, ಬೆಳಕು ಸರಿಯಿಲ್ಲವೆಂದು ಮಗದೊಮ್ಮೆ. "ಅಕ್ಕಾ, ನೀರ ಏರಾಕತ್ತದ, ನಾ ಹೋಗ್ತೇನಿ" ಅಂತ ಅವನು ಅಂದದ್ದನ್ನು ನಾನು ಕೇಳಿದೆ. ಅಷ್ಟರಲ್ಲಿ ಅಧಿಕಾರಿಗಳ ಜೀಪು ಬಂದು, ಹರಿಗೋಲು ಬೇಡ, ನಾಳೆ ಯಂತ್ರದ ದೋಣಿ ಬರುತ್ತದೆ ಎಂದು ತಡೆದರು. ನಿನಗೆ ಇನ್ನೊಂದು ದಿನದ ಸುದ್ದಿ ಸಿಕ್ಕಿತು. ನೀನು ಬೇಕೆಂದೇ ಮಾಡಿದೆ ಎಂದು ನಾನು ಹೇಳುವುದಿಲ್ಲ. ಆದರೆ ಆಗ ನನಗೆ ಸಿಟ್ಟು ಬಂದದ್ದು ತೌಸೀಫನನ್ನು ತಡೆದದ್ದಕ್ಕಲ್ಲ. ಅವನನ್ನು ಮಾತಾಡಿಸಬೇಕೆಂದು ನನಗೆ ಮೊದಲು ಹೊಳೆಯಲಿಲ್ಲವಲ್ಲ, ಅದಕ್ಕೆ.

ಗುರುವಾರ ಬೆಳಗಾದರೆ ನಡುಗಡ್ಡೆಯೇ ಇರಲಿಲ್ಲ. ಮಧ್ಯಾಹ್ನ ಕೆಳಗಿನ ಸೇತುವೆಗೆ ಕರಿಯ ಕಂಬಳಿಯೊಂದು ಬಂದು ಸಿಕ್ಕಿಕೊಂಡಿತು. ಬೀರಣ್ಣನದೇ ಎಂದು ಅವನ ತಮ್ಮ ಗುರುತಿಸಿದ. ಎರಡೂವರೆಗೆ ನೀನು ಆ ಕಂಬಳಿ ಹಿಡಿದುಕೊಂಡು "ಬೀರಣ್ಣ ಇನ್ನಿಲ್ಲ" ಅಂದೆ. ಧ್ವನಿ ಸ್ವಲ್ಪ ನಡುಗಿತು, ಎಷ್ಟು ಬೇಕೋ ಅಷ್ಟೇ. ನನ್ನ ಪಕ್ಕದಲ್ಲಿದ್ದ ಹೆಂಗಸರು ಅತ್ತರು. ನನಗೆ ಅಳು ಬರಲಿಲ್ಲ, ಆ ನಡುಕ ನನಗೆ ಯಾಕೆ ಬರುವುದಿಲ್ಲ ಎಂದು ಯೋಚಿಸುತ್ತಿದ್ದೆ.

ಇನ್ನು ಸುತ್ತಿ ಬಳಸುವುದಿಲ್ಲ. ನೀನು ಕೇಳಿದ ಹಾಳೆಯನ್ನು ನಾನು ಬರೆಯಲಾರೆ ಮಂಜೂ, ಯಾಕೆಂದರೆ ಬೀರಣ್ಣ ಬದುಕಿದ್ದಾನೆಂದು ನನಗೆ ಗೊತ್ತಿತ್ತು. ಅದೇ ಗುರುವಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗೊತ್ತಾಯಿತು. ಜಾಲಿಮರದ ಕೊಂಬೆಯೊಂದನ್ನು ತಬ್ಬಿಕೊಂಡು ತೇಲಿ ಹೋಗಿ, ಜೇವರಗಿ ಕಡೆಯ ದಂಡೆಗೆ ಬಿದ್ದಿದ್ದ. ಅಲ್ಲಿಯ ಗೊಬ್ಬರದ ಅಂಗಡಿಯವರು ಎತ್ತಿಕೊಂಡು ಹೋಗಿ ಹಾಸಿಗೆ ಕೊಟ್ಟಿದ್ದರು. ಸುಳ್ಳಿರಬಹುದೆಂಬ ಸಂಶಯ ನನಗೆ ಒಂದು ಕ್ಷಣವೂ ಬರಲಿಲ್ಲ.

ನಮ್ಮ ಅಫಜಲಪುರದ ರೂಢಿ ನಿನಗೆ ಗೊತ್ತು. ಇಲ್ಲಿ ನಾವು ಏಳು ಜನ ವರದಿಗಾರರು, ಯಾರಿಗೆ ಏನು ಸಿಕ್ಕರೂ ಎಲ್ಲರಿಗೂ ಹಂಚಿಕೊಳ್ಳುವವರು. ಒಬ್ಬರು ಬರೆದರೆ ಏಳು ಪತ್ರಿಕೆಯಲ್ಲಿ ಬರುತ್ತದೆ, ಹೆಚ್ಚಿನ ಸಲ ಬರೆಯುವವಳು ನಾನೇ. ಇಪ್ಪತ್ತೆರಡು ವರ್ಷದಲ್ಲಿ ಒಂದನ್ನೂ ಮುಚ್ಚಿಟ್ಟಿರಲಿಲ್ಲ. ಅವತ್ತು ನಮ್ಮ ಗುಂಪಿಗೆ ಸುದ್ದಿ ಹಾಕಲು ಮೊಬೈಲಿನಲ್ಲಿ "ಬೀರಣ್ಣ" ಎಂದು ಬೆರಳಚ್ಚು ಮಾಡಿ ಅಳಿಸಿದೆ. ಬೆಳಗಿನ ಪತ್ರಿಕೆಯವರೆಗೆ ಹಿಡಿದಿಟ್ಟರೆ ಮೊದಲ ಪುಟ ನನ್ನದು. ಅಷ್ಟೇ ಅಲ್ಲ, ಅಷ್ಟರವರೆಗೆ ನೀನು "ಇನ್ನಿಲ್ಲ, ಇನ್ನಿಲ್ಲ" ಎನ್ನುತ್ತಲೇ ಇರುತ್ತೀ. ಎರಡನೆಯದೇ ನನಗೆ ಹೆಚ್ಚು ರುಚಿಸಿತು.

ಆದರೂ ಅವನ ಹೆಂಡತಿ ತುಳಜಾಬಾಯಿಗೆ ಕಿವಿಯಲ್ಲಿ ಹೇಳಿಬರೋಣವೆಂದು ಆರು ಗಂಟೆಯ ಸುಮಾರಿಗೆ ಅವರ ಮನೆಗೆ ಹೋದೆ. ಹೋದದ್ದು ನಿಜ. ಅಂಗಳದಲ್ಲಿ ನಿನ್ನ ವ್ಯಾನು ನಿಂತಿತ್ತು, ದೀಪ ಹೊತ್ತಿಸಿದ್ದಿರಿ. ತುಳಜಾಬಾಯಿ ಜೋಳದ ಚೀಲಕ್ಕೆ ಒರಗಿ ಕೂತಿದ್ದಳು. ಈಗ ಹೇಳಿದರೆ ಕ್ಯಾಮೆರಾದ ಮುಂದೆ ಹೇಳಬೇಕು. ಅವಳು ಎದ್ದು ನಿಲ್ಲುತ್ತಾಳೆ, ನಗುತ್ತಾಳೆ, ಅಳುತ್ತಾಳೆ, ಅದೆಲ್ಲ ನಿನ್ನದಾಗುತ್ತದೆ. ಸತ್ತದ್ದೂ ನಿನ್ನದೇ, ಬದುಕಿದ್ದೂ ನಿನ್ನದೇ ಎಂದಾಗುತ್ತದೆ. ವ್ಯಾನು ಹೋಗಲಿ, ಆಮೇಲೆ ಹೇಳೋಣ ಎಂದು ಬಾಗಿಲ ಪಕ್ಕ ನಿಂತೆ.

ಮುಂದಿನದನ್ನು ಮಾಡಿಸಿದವಳು ನೀನು, ಅದನ್ನು ನಿನ್ನ ಪಾಲಿಗೇ ಬಿಡುತ್ತೇನೆ. ಹೆಂಗಸರಿಗೆ ನೀನು ಹೇಳಿದೆ, ಶಾಸ್ತ್ರ ಹೇಗೂ ಮಾಡಲೇಬೇಕಲ್ಲ, ಆರೂವರೆಗೆ ಮಾಡಿದರೆ ರಾಜ್ಯವೆಲ್ಲ ನೋಡುತ್ತದೆ, ಸರ್ಕಾರಕ್ಕೂ ಬೇಗ ಮುಟ್ಟುತ್ತದೆ ಎಂದು. ಪಕ್ಕದ ಮನೆಯ ಬಳೆಗಾರ್ತಿ ಜೈತುನಬಿ ಅಡ್ಡ ಬಂದಳು. ಶ್ರಾವಣದಲ್ಲಿ ಆ ಬಳೆ ಇಡಿಸಿದವಳು ಅವಳೇ.

"ಹೆಣ ಸಿಕ್ಕಿಲ್ಲ ಬೇಟಿ. ಹೊಳಿ ಇಳೀಲಿ, ಆಮ್ಯಾಲ ನೋಡೂಣು."

"ಟಿವ್ಯಾಗ ಬಂದದ ಅಮ್ಮಾ" ಅಂದೆ ನೀನು.

ತುಳಜಾಬಾಯಿ ಒಂದು ಸಲ ತಲೆ ಎತ್ತಿ ನೆರೆದವರ ಮುಖವನ್ನೆಲ್ಲ ನೋಡಿದಳು, ಯಾರಾದರೂ ಬೇಡ ಎನ್ನುತ್ತಾರೇನೋ ಎನ್ನುವಂತೆ. ಆಮೇಲೆ ಕೈ ಮುಂದೆ ಮಾಡಿದಳು. ಹಸಿರು ಬಳೆ, ಒಂದೊಂದು ಕೈಯಲ್ಲಿ ಹನ್ನೆರಡು. ಹಿರಿಯ ಹೆಂಗಸೊಬ್ಬಳು ಒರಳುಕಲ್ಲಿಗೆ ಆ ಕೈಗಳನ್ನು ತಾಗಿಸಿದಳು. ನಾನು ಗಡಿಯಾರ ನೋಡಿಕೊಂಡೆ, ಆರು ಮೂವತ್ತೇಳು.

ನಾನು ಅಲ್ಲಿಂದ ಬಂದು ವರದಿ ಬರೆದೆ. ಬೆಳಿಗ್ಗೆ ಮೊದಲ ಪುಟದಲ್ಲಿ ಎಂಟು ಕಾಲಂ, "ಬೀರಣ್ಣ ಬದುಕಿದ್ದಾನೆ", ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಸಂಪಾದಕರು ಫೋನು ಮಾಡಿದರು. ತಾಲ್ಲೂಕು ಕಚೇರಿಯಲ್ಲಿ ಎದ್ದು ನಿಂತು ನಮಸ್ಕಾರ ಮಾಡಿದರು. ಗೋವಿಂದ ಬಸ್ ಸ್ಟ್ಯಾಂಡಿಗೆ ಹೋಗಿ ಆರು ಪ್ರತಿ ತಂದ. ಅತ್ತೆಯವರು ಮೊದಲ ಬಾರಿಗೆ ನನ್ನ ಪತ್ರಿಕೆಯನ್ನು ದೇವರ ಮನೆಯಲ್ಲಿ ಇಟ್ಟರು, ನವರಾತ್ರಿಯ ಘಟದ ಪಕ್ಕ. ನಿನ್ನ ಬಳೆಯ ದೃಶ್ಯವನ್ನು ಊರೂರಲ್ಲಿ ಜನ ಬೈಯುತ್ತ ನೋಡಿದರು, ನೋಡುತ್ತ ಬೈದರು. ಶನಿವಾರ ನಿನ್ನ ಅಮಾನತು. ನಿಜ ಹೇಳಲಾ? ನನಗೆ ಒಂದು ವಾರ ಹಸಿವು ಚೆನ್ನಾಗಿತ್ತು. ಆಮೇಲೆ ನೋಡಿದರೆ ನಿನ್ನ ಅಮಾನತಿಗೆ ಎಲ್ಲ ಪತ್ರಿಕೆಯಲ್ಲೂ ಫೋಟೋ ಸಮೇತ ಜಾಗ, ನನ್ನ ಬೀರಣ್ಣ ಎರಡೇ ದಿನಕ್ಕೆ ಹಳಬ. ಅದಕ್ಕೂ ಹೊಟ್ಟೆ ಉರಿಯಿತು.

ಬೀರಣ್ಣ ಶುಕ್ರವಾರ ಮಧ್ಯಾಹ್ನ ಊರಿಗೆ ಬಂದ. ಬಂದವನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಹೆಂಡತಿಯ ಬಳೆ ಒಡೆದ ಮೇಲೆ ಗಂಡ ಹಾಗೇ ಒಳಗೆ ಬರುವಂತಿಲ್ಲ ಎಂದು ಅವರ ಹಿರಿಯರು ಕೂತು ತೀರ್ಮಾನಿಸಿದರು. ಹೊಸದಾಗಿ ಹುಟ್ಟಿದಂತೆ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು, ಆಮೇಲೆ ಅರಿಸಿನ ಹಚ್ಚಿ ಮತ್ತೆ ತಾಳಿ ಕಟ್ಟಬೇಕು. ನಲವತ್ತು ವರ್ಷದ ಗಂಡಸು ಐದು ದಿನ ಕುರಿ ಇಲ್ಲದ ಕುರಿಹಟ್ಟಿಯಲ್ಲಿ ಮಲಗಿದ್ದ. ಆರನೆಯ ದಿನ ಕೂಸಿನ ತೊಟ್ಟಿಲಲ್ಲಿ ಕಾಲು ಹೊರಗೆ ಚಾಚಿಕೊಂಡು ಕೂತ, ಅವನ ಕಿವಿಯಲ್ಲಿ ಅವನದೇ ಹೆಸರು ಹೇಳಿದರು. ನಾನು ಅದನ್ನೂ ನೋಡಿದೆ. ಜನ ನಕ್ಕರು, ಬೀರಣ್ಣನೂ ನಕ್ಕ. ಬರೆಯಲು ತುಂಬ ಚೆಂದದ ಸುದ್ದಿ, ನಾನು ಬರೆಯಲಿಲ್ಲ.

ನಿನ್ನ ಪತ್ರ ಬಂದ ಮೇಲೆ ನನಗೆ ನೆಮ್ಮದಿ ಹೋಯಿತು. ಡಿಸೆಂಬರಿನಲ್ಲಿ ಆಳಂದಕ್ಕೆ ಹೋಗಿ ಖಾದರಸಾಬರನ್ನು ಕಂಡೆ. ಎಂಬತ್ತೆರಡು ವರ್ಷ, ಕಿವಿ ಮಂದ, ಛಾಪಖಾನೆಯ ಜಾಗದಲ್ಲಿ ಮೊಬೈಲ್ ಅಂಗಡಿ. ಬಸ್ ಸ್ಟ್ಯಾಂಡಿನಲ್ಲಿ ನಿನ್ನ ತಾಯಿ ಸಿಕ್ಕಿದ್ದರು, ಸರಸಂಬಾದ ಬಸ್ಸಿಗೆ ಕಾಯುತ್ತ. "ನಮ್ಮ ಮಂಜಿಗಿ ಅದೇನೋ ಬರ್ದುಕೊಡ್ತಿಯಂತಲ್ಲವಾ" ಅಂದರು. ಹೂಂ ಎಂದೆ. ಕೈಯಲ್ಲಿದ್ದ ಎರಡು ಸೀತಾಫಲ ಕೊಟ್ಟರು.

ಖಾದರಸಾಬರಿಗೆ ಎಲ್ಲವನ್ನೂ ಗಟ್ಟಿಯಾಗಿ ಕೂಗಿ ಹೇಳಬೇಕಾಯಿತು, ಅಂಗಡಿಯವರಿಗೂ ಕೇಳಿಸಿರಬೇಕು. ಅವರ ಪದ್ಧತಿ ನಿನಗೆ ನೆನಪಿರಲೇಬೇಕು. ಯಾರೇ ತೀರಿಕೊಂಡ ಸುದ್ದಿ ಬಂದರೂ ಅಚ್ಚಿನ ಮೊಳೆ ಜೋಡಿಸುವ ಮೊದಲು ಕೇಳುತ್ತಿದ್ದರು, ಮನೆಗೆ ಹೋಗಿ ಬಂದಿರಾ ಎಂದು. ಸತ್ತವರ ಮನೆಗೆ ಹೋಗಿ, ಅವರಿಗೆ ತಿಳಿದಿದೆಯೆಂದು ಖಾತ್ರಿ ಮಾಡಿಕೊಂಡು ಬಂದ ಮೇಲೆಯೇ ಅಚ್ಚು. ಒಮ್ಮೆ ನಾವಿಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗಿ ಬಾಗಿಲು ಬಡಿದರೆ ಸತ್ತವನೇ ಬಂದು ಬಾಗಿಲು ತೆಗೆದ, ನಾವು ಸೈಕಲ್ ಅಲ್ಲೇ ಬಿಟ್ಟು ಓಡಿದೆವು. ಅವತ್ತು ನಕ್ಕಷ್ಟು ನಾನು ಮತ್ತೆಂದೂ ನಕ್ಕಿಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಖಾದರಸಾಬರು ಬೈಯಲಿಲ್ಲ. ಹಳೆಯ ಪ್ರಶ್ನೆಯನ್ನೇ ಕೇಳಿದರು.

"ಮನಿಗಿ ಹೋಗಿದ್ದೇನವಾ?"

"ಹೋಗಿದ್ದೆ, ಬಾಗಿಲತನಕ" ಎಂದೆ.

"ಮಂಜರಿ?"

"ಆಕಿ ಒಳಗ ಹೋಗಿದ್ಳು."

ಖಾದರಸಾಬರು ಚಹಾ ತರಿಸಿದರು.

ಈಗ ಹಾಳೆಯ ವಿಷಯ. ಇದರ ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ, ನೀನು ಕೇಳಿದ್ದಲ್ಲ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನನಗೆ ಗೊತ್ತಿತ್ತು, ನಾನು ಯಾರಿಗೂ ಹೇಳಲಿಲ್ಲ, ಪಕ್ಕದಲ್ಲೇ ಇದ್ದ ಮಂಜರಿಗೂ ಹೇಳಲಿಲ್ಲ, ಹೇಳಿದ್ದರೆ ಬಳೆ ಒಡೆಯುತ್ತಿರಲಿಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ಒಂದು ಪ್ರತಿ ನಮ್ಮ ಸಂಪಾದಕರಿಗೆ ನಿನ್ನೆಯೇ ಕಳಿಸಿದೆ, ರಾಜೀನಾಮೆಯ ಜೊತೆ. ಇದರಿಂದ ನಿನಗೆ ಎಷ್ಟು ಉಪಯೋಗವೋ ಗೊತ್ತಿಲ್ಲ. ಕಂಬಳಿಯನ್ನು ಹೆಣವೆಂದದ್ದು, ತೌಸೀಫನನ್ನು ನಿಲ್ಲಿಸಿದ್ದು, ಜೈತುನಬಿಯ ಮಾತು ತಳ್ಳಿಹಾಕಿದ್ದು ನಿನ್ನ ಲೆಕ್ಕಕ್ಕೇ ಇರುತ್ತವೆ. ಆದರೆ ನಿನ್ನ ತಪ್ಪನ್ನು ರಾಜ್ಯವೆಲ್ಲ ನೋಡಿತು, ನಿನಗೆ ಶಿಕ್ಷೆಯೂ ಆಗುತ್ತಿದೆ. ನನ್ನದನ್ನು ಯಾರೂ ನೋಡಲಿಲ್ಲ, ಸನ್ಮಾನ ಮಾಡಿ ಶಾಲು ಹೊದಿಸಿದರು. ಈಗ ನಿನ್ನ ಶಿಕ್ಷೆಯ ಮೇಲೂ ನನಗೆ ಹೊಟ್ಟೆಕಿಚ್ಚು. ಈ ರೋಗಕ್ಕೆ ಮದ್ದಿಲ್ಲವೇನೋ.

ಗೋವಿಂದನಿಗೆ ಇನ್ನೂ ಹೇಳಿಲ್ಲ. ಪತ್ರ ಅಂಚೆಗೆ ಹಾಕಿ ಬಂದ ಮೇಲೆ ಹೇಳುತ್ತೇನೆ. ನೀನು ಮತ್ತೆ ಟಿವಿಗೆ ಬಂದರೆ ಅವನ ಜೊತೆ ಕೂತು ನೋಡುತ್ತೇನೆ. ಶೇಂಗಾ ಸುಲಿಯುತ್ತ ನೋಡುತ್ತೇನೆ, ಅಡುಗೆಮನೆಗೆ ಓಡಿಹೋಗುವುದಿಲ್ಲ. ಅಮೃತಳಿಗೆ ಹತ್ತನೆಯ ತರಗತಿ ಅಲ್ಲವೇ, ಚೆನ್ನಾಗಿ ಬರೆಯಲಿ, ಆಯುಷ್ಯವಂತಳಾಗಲಿ. ನಿನಗೂ ದೇವರು ಗಟ್ಟಿ ಮನಸ್ಸು ಕೊಡಲಿ. ಎಳ್ಳು ಬೆಲ್ಲ ಈ ಲಕೋಟೆಯಲ್ಲಿ ಇಡಲಾಗಲಿಲ್ಲ. ಒಳ್ಳೆಯ ಮಾತಾಡುವ ಹಕ್ಕೂ ಸದ್ಯ ನನಗಿಲ್ಲ.

ನಿನ್ನವಳೇ,
ಸುಲಭಾ

ಮ.ಸೂ.: ನನಗೆ ಹೇಗೆ ಗೊತ್ತಾಯಿತು ಎಂದು ನೀನು ಕೇಳಿಯೇ ಕೇಳುತ್ತೀ. ಹಾಳೆಯಲ್ಲಿ "ನಂಬಲರ್ಹ ಮೂಲದಿಂದ" ಎಂದಷ್ಟೇ ಬರೆದಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ.

ಬೀರಣ್ಣನೇ ಫೋನು ಮಾಡಿದ್ದ. ಅವರ ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲು, ಅದು ಹೊಳೆಯಲ್ಲಿ ಹೋಗಿತ್ತು. ಯಾರ ನಂಬರೂ ಅವನಿಗೆ ಬಾಯಿಪಾಠವಿರಲಿಲ್ಲ. ಬನಿಯನ್ನಿನ ಒಳಕಿಸೆಯಲ್ಲಿ ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪತ್ರಿಕೆಯ ತುಣುಕಿತ್ತು. ಎರಡು ವರ್ಷದ ಹಿಂದೆ ಕುರಿಗಳಿಗೆ ಲಸಿಕೆ ಬಂದಿಲ್ಲವೆಂದು ನಾನು ಬರೆದ ನಾಲ್ಕು ಸಾಲು, ಅದರಲ್ಲಿ ಅವನ ಹೆಸರು, ಕೆಳಗೆ ನನ್ನ ಹೆಸರು, ನನ್ನ ನಂಬರು. ಅದು ಅಚ್ಚಾದ ವಾರಕ್ಕೆ ದನದ ಡಾಕ್ಟರು ಬಂದಿದ್ದರಂತೆ. ಬರೆದದ್ದು ನನಗೇ ನೆನಪಿರಲಿಲ್ಲ. ಅಂಗಡಿಯವರ ಫೋನಿನಿಂದ ಆ ನಂಬರಿಗೆ ಮಾಡಿದ. "ಅಕ್ಕೋರ, ನಾ ಕುರಿ ಬೀರಣ್ಣ. ಬದುಕೇನಿ. ನಮ್ಮ ತುಳಜಾಬಾಯಿಗಿ ಇಷ್ಟು ಹೇಳ್ರಿ" ಎಂದ. "ಹೇಳ್ತೇನಿ" ಎಂದೆ. ಬೇರೆ ಯಾರಿಗಾದರೂ ತಿಳಿಸಬೇಕೇ ಎಂದು ಅಂಗಡಿಯವರು ಕೇಳಿದ್ದಕ್ಕೆ, ಬೇಡ, ಅಕ್ಕೋರು ಹೇಳ್ತಾರ ಎಂದು ಮಲಗಿಬಿಟ್ಟನಂತೆ. ಹೊಳೆ ಬಂದಿತ್ತು, ಅಕ್ಕೋರಿಗೆ ದಾರಿ ಸಿಕ್ಕಿರಲಿಕ್ಕಿಲ್ಲ ಎಂದು ಇವತ್ತಿಗೂ ಊರವರಿಗೆ ಅವನೇ ನನ್ನ ಪರವಾಗಿ ಹೇಳುತ್ತಾನೆ.

ಎಳ್ಳ ಅಮಾವಾಸ್ಯೆಗೆ ಅವರ ಹೊಲಕ್ಕೆ ಊಟಕ್ಕೆ ಕರೆದಿದ್ದ. ಹೋದೆ. ತುಳಜಾಬಾಯಿ ಸಜ್ಜೆಯ ಕಡುಬು, ಸೊಪ್ಪು ಕಾಳಿನ ಭಜ್ಜಿ ಬಡಿಸಿದಳು. ಕೊರಳಲ್ಲಿ ಹೊಸ ತಾಳಿಯಿತ್ತು, ಕೈಯಲ್ಲಿ ಬಳೆಯಿರಲಿಲ್ಲ. ಜೈತುನಬಿ ಮೂರು ಸಲ ಬಂದಿದ್ದಾಳಂತೆ, ಆಮೇಲೆ ಹಾಕಿಸಿಕೊಳ್ಳುತ್ತೇನೆ ಎಂದು ಕಳಿಸಿದ್ದಾಳೆ. ಬೀರಣ್ಣ ಭೂಮಿತಾಯಿಯ ಎಡೆ ಹಿಡಿದು ಚರಗ ಚೆಲ್ಲಲು ಹೊಲದ ಆ ತುದಿಗೆ ಹೋದಾಗ ಅವಳು ನನ್ನ ಎಲೆಗೆ ಇನ್ನೊಂದು ಕಡುಬು ಹಾಕುತ್ತ ಸಣ್ಣ ದನಿಯಲ್ಲಿ ಹೇಳಿದಳು.

"ನಾಕಕ್ಕ ಫೋನ್ ಮಾಡಿದ್ನಿ ಅಂತ ನಮ್ಮನಿಯವರು ಹೇಳ್ಯಾರ್ರಿ. ಆರೂವರಿಗಿ ನೀವು ನಮ್ಮ ಬಾಗಿಲಾಗ ನಿಂತಿದ್ರಿ, ಅಕ್ಕೋರ. ನಾ ನಿಮ್ಮ ಮಾರಿನೇ ನೋಡಿದ್ದೆ."

ಮುರಿದ ಕಡುಬನ್ನು ನಾನು ಎಲೆಯ ಮೇಲೇ ಇಟ್ಟೆ. ಅವಳು ನೀರು ಕೊಟ್ಟಳು.

"ಅವರಿಗಿ ಹೇಳಿಲ್ರಿ. ಹೇಳಂಗೂ ಇಲ್ಲ. ಆ ಕಾಗದ ಇನ್ನಾ ಕಿಸೆದಾಗ ಇಟ್ಕೊಂಡಾರ. ಬದುಕಿದ್ದಾನಂತ ಬರ್ದೀರಲ್ಲ, ಈಗ ಅದನ್ನೂ ಕತ್ತರಿಸಿ ಅದರಾಗ ಇಟ್ಟಾರ."

ಇಪ್ಪತ್ತೆರಡು ವರ್ಷ ನನ್ನನ್ನು ಓದುವವರು ಯಾರೂ ಇಲ್ಲವೆಂದು ನಿನ್ನ ಮೇಲೆ ಉರಿದುಕೊಂಡೆ ಮಂಜೂ. ಒಬ್ಬನಿದ್ದ.